ಪಾಠ ಶುರುವಾಗುವುದು ಡ್ಯೂಟಿ ಚಾರ್ಟಿನಿಂದ

ಟ್ರೈನಿಂಗ್ ಅಂದ ಕೂಡಲೇ ನಮ್ಮಲ್ಲಿ ಎಲ್ಲರೂ ಮೊದಲು ಹುಡುಕುವುದು ಪ್ರೊಜೆಕ್ಟರನ್ನು. ಆಮೇಲೆ ಅದರ ವೈರನ್ನು. ಆ ವೈರು ಲ್ಯಾಪ್‌ಟಾಪಿಗೆ ಕೂರುವುದಿಲ್ಲ ಅಂತ ಗೊತ್ತಾದ ಮೇಲೆ ಆಫೀಸಿನ ಹುಡುಗನನ್ನು. ಅಷ್ಟು ಹೊತ್ತಿಗೆ ನೈಟ್ ಡ್ಯೂಟಿ ಮುಗಿಸಿ ನೇರ ಬಂದು ಕೂತ ಹುಡುಗಿಯರು ಗೋಡೆಗೆ ಒರಗಿ ತೂಕಡಿಸುತ್ತಿರುತ್ತಾರೆ. ಪರದೆ ಮೇಲೆ ಮೆದುಳು ಬರುತ್ತದೆ. ಒಂದು ಕಡೆ ತುಂಬಿಕೊಂಡಿರುವ ಮೆದುಳು, ಪಕ್ಕದಲ್ಲಿ ಸೊರಗಿದ ಮೆದುಳು. ಅಮಿಲಾಯ್ಡ್, ಟೌ, ಹಿಪ್ಪೋಕ್ಯಾಂಪಸ್. ನೆನಪು, ತಿಳಿವು ಕುಗ್ಗಿಸುವ ಡಿಮೆನ್ಶಿಯಾ ಕಾಯಿಲೆಯ ಮೂರು ಹಂತಗಳು. ಮಧ್ಯಾಹ್ನ ಪಲಾವ್, ಮೊಸರನ್ನ, ಒಂದು ಗ್ರೂಪ್ ಫೋಟೋ, ಸರ್ಟಿಫಿಕೇಟು. ಮರುದಿನ ಬೆಳಿಗ್ಗೆ ಅದೇ ಹುಡುಗಿ ಅದೇ ಅಜ್ಜಿಯನ್ನು ಅದೇ ಶವರ್ ಕೆಳಗೆ ನಿಲ್ಲಿಸುತ್ತಾಳೆ, ಅದೇ ಗಲಾಟೆ.

ನಾನು ಮೈಸೂರಿನ ಹೊರವಲಯದ ಒಂದು ಹಿರಿಯರ ಆರೈಕೆ ಕೇಂದ್ರದಲ್ಲಿ ನರ್ಸಿಂಗ್ ಇನ್‌ಚಾರ್ಜ್. ನನ್ನ ಊರು ಚನ್ನರಾಯಪಟ್ಟಣದ ಕಡೆ. ಇಲ್ಲಿರುವ ಹಿರಿಯರಲ್ಲಿ ಹೆಚ್ಚಿನವರಿಗೆ ಡಿಮೆನ್ಶಿಯಾ. ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ತರಬೇತಿ ಕೊಡುವುದೂ ನನ್ನ ಪಾಲಿಗೆ ಬಂದಿದೆ. ಬರುವವರು ಎಚ್.ಡಿ. ಕೋಟೆಯವರು, ಚಾಮರಾಜನಗರದವರು, ಯಲಬುರ್ಗಾ ಕಡೆಯವರು, ಜಾರ್ಖಂಡಿನವರು. ಎಎನ್‌ಎಂ ನರ್ಸಿಂಗ್ ಕೋರ್ಸ್ ಮಾಡಿದವರು ಕೆಲವರು, ಎಸ್ಸೆಸ್ಸೆಲ್ಸಿಗೆ ಬಿಟ್ಟವರು ಜಾಸ್ತಿ.

ಮೆದುಳಿನ ಪಾಠ ಬೇಡ ಅಂತ ನಾನು ಹೇಳುತ್ತಿಲ್ಲ. ಅಜ್ಜಿ ಬೇಕಂತಲೇ ಹಠ ಮಾಡುತ್ತಿಲ್ಲ, ಕಾಯಿಲೆ ಹಾಗೆ ಮಾಡಿಸುತ್ತಿದೆ ಅಂತ ತಿಳಿಯಲು ಅಷ್ಟಾದರೂ ಬೇಕು. ಅರವತ್ತಕ್ಕೆ ಅರಳು ಮರಳು ಅಂತ ನಕ್ಕು ಸುಮ್ಮನಾಗುವ ಜನ ನಾವು. 2023ರಲ್ಲಿ ಪ್ರಕಟವಾದ, ದೇಶದ ಹಿರಿಯರಲ್ಲಿ ಡಿಮೆನ್ಶಿಯಾ ಎಷ್ಟಿದೆ ಅಂತ ನೋಡಿದ ಲಾಸಿ-ಡ್ಯಾಡ್ ಅಧ್ಯಯನದ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು ಮಂದಿಗೆ ಡಿಮೆನ್ಶಿಯಾ ಇದೆ. ಅಂದರೆ ಸುಮಾರು 88 ಲಕ್ಷ ಜನ. ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹಿರಿಯರಿಗೆ ಇಲ್ಲದ್ದು ವಯಸ್ಸಿನ ಸಹಜ ಗುಣ ಹೇಗಾಗುತ್ತದೆ? ಇಷ್ಟನ್ನು ನಾನೂ ಹೇಳಿಕೊಡುತ್ತೇನೆ. ಮೂರು ಸ್ಲೈಡು, ಅರ್ಧ ಗಂಟೆ. ಆಮೇಲೆ ಪ್ರೊಜೆಕ್ಟರ್ ಆಫ್.

ಶವರ್ ವಿಷಯ ಹೇಳಿದೆನಲ್ಲ. ತಿ. ನರಸೀಪುರ ಕಡೆಯ ಅಜ್ಜಿಯೊಬ್ಬರು ಸ್ನಾನ ಅಂದರೆ ಕಿರುಚುತ್ತಿದ್ದರು. ಹಿಡಿಯಲು ಹೋದವರ ಕೈ ಪರಚುತ್ತಿದ್ದರು. ಫೈಲಿನಲ್ಲಿ 'ಅಗ್ರೆಸಿವ್, ಕೋ-ಆಪರೇಟ್ ಮಾಡುತ್ತಿಲ್ಲ' ಅಂತ ಸಾಲಾಗಿ ಎಂಟ್ರಿ. ಚಾಮರಾಜನಗರದ ಒಬ್ಬ ಹುಡುಗಿಯನ್ನು ಅವರ ಜೊತೆಗೇ ಇರಲು ಬಿಟ್ಟೆವು. ಅವಳು ಒಂದು ಸಣ್ಣ ವಿಷಯ ಗಮನಿಸಿದಳು. ಈ ಅಜ್ಜಿ ನಲ್ಲಿ ಹತ್ತಿರ ಕೈ ತೊಳೆಯಲು ಹೋದಾಗೆಲ್ಲ ಮೊದಲು ಬಗ್ಗಿ ಕಾಲಿಗೆ ನೀರು ಹಾಕಿಕೊಳ್ಳುತ್ತಾರೆ. ಆಮೇಲೆ ಕೈ. ಆಮೇಲೆ ಮುಖ. ಅಷ್ಟೇ.

ಮರುದಿನ ಅವಳು ಶವರ್ ಮುಟ್ಟಲಿಲ್ಲ. ಬಕೆಟ್ಟಿನಲ್ಲಿ ಬಿಸಿನೀರು ಬೆರೆಸಿಟ್ಟು ಸ್ಟೀಲ್ ಚೊಂಬು ತಂದಳು. ಮಣೆ ಮೇಲೆ ಕೂರಿಸಿದರೆ ಏಳಿಸುವುದು ಕಷ್ಟ ಅಂತ ಕುಳ್ಳ ಪ್ಲಾಸ್ಟಿಕ್ ಸ್ಟೂಲು, ಅದರ ಕೆಳಗೆ ರಬ್ಬರ್ ಮ್ಯಾಟು. ಲಂಗ ಎದೆಗೆ ಕಟ್ಟಿ ಹಾಗೇ ಬಿಟ್ಟಳು. ಅಜ್ಜಿಯ ಕೈ ನೀರಿಗೆ ಮುಟ್ಟಿಸಿ "ಹದವಾಗಿದ್ಯಾ ನೋಡಿ ಅವ್ವ" ಅಂದಳು. ಮೊದಲ ಚೊಂಬು ಪಾದಕ್ಕೆ. ಎರಡನೆಯದು ಮಂಡಿಗೆ. ಮೂರನೆಯದಕ್ಕೆ ಅಜ್ಜಿಯೇ ಚೊಂಬು ಕಿತ್ತುಕೊಂಡು ತಲೆ ಮೇಲೆ ಸುರಿದುಕೊಂಡರು. ಬೆನ್ನು ಉಜ್ಜಲು ಮಾತ್ರ ತಿರುಗಿ ಕೂತರು.

ಯೋಚನೆ ಮಾಡಿ. ಹಂಡೆ ಒಲೆಯ ಬಚ್ಚಲಿನಲ್ಲಿ ಜೀವಮಾನವಿಡೀ ಸ್ನಾನ ಮಾಡಿದವರನ್ನು, ಪರಿಚಯವೇ ಇಲ್ಲದ ಹುಡುಗಿ ಬಂದು ಬಟ್ಟೆ ಬಿಚ್ಚಿ, ಎಲ್ಲಿಂದಲೋ ನೆತ್ತಿಗೆ ನೀರು ರಾಚುವ ಜಾಗದಲ್ಲಿ ನಿಲ್ಲಿಸಿದರೆ ಯಾರು ಪರಚುವುದಿಲ್ಲ? ನಾನಾದರೂ ಪರಚುತ್ತೇನೆ.

ಇದನ್ನು ಯಾವ ಸ್ಲೈಡಿನಲ್ಲಿ ಹಾಕಲಿ? 'ಕಾಲಿಗೆ ಮೊದಲು ನೀರು ಹಾಕಿ' ಅಂತ ನಿಯಮ ಮಾಡಿದರೆ ಪಕ್ಕದ ರೂಮಿನ ಅಮ್ಮನಿಗೆ ಅದೂ ಆಗದು. ಕಲಿಸಬೇಕಾದ್ದು ನೀರು ಹಾಕುವುದನ್ನಲ್ಲ, ನೋಡುವುದನ್ನು. ಒಬ್ಬರನ್ನು ಹೀಗೆ ನೋಡಬೇಕು ಅಂದರೆ ದಿನಾ ಅವರ ಜೊತೆಗೇ ಇರಬೇಕು. ಇಲ್ಲೇ ನಮ್ಮ ಕೇಂದ್ರಗಳು ಎಡವುವುದು.

ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಟಾಮ್ ಕಿಟ್‌ವುಡ್ ಅಂತ ಒಬ್ಬ ಮನಶ್ಶಾಸ್ತ್ರಜ್ಞರಿದ್ದರು, 1998ರಲ್ಲಿ ತೀರಿಕೊಂಡರು. ಡಿಮೆನ್ಶಿಯಾ ಇರುವವರು ಕುಸಿಯುವುದಕ್ಕೆ ಮೆದುಳು ಮಾತ್ರ ಕಾರಣ ಅಲ್ಲ, ಸುತ್ತಲಿನವರು ನಡೆದುಕೊಳ್ಳುವ ರೀತಿಯೂ ಕಾರಣ ಅಂತ ವಾದ ಮಾಡಿದವರು ಅವರು. ಒಳ್ಳೆಯ ಮನಸ್ಸಿನವರೇ ಗೊತ್ತಿಲ್ಲದೆ ಮಾಡುವ ಇಂಥ 17 ನಡವಳಿಕೆಗಳನ್ನು ಪಟ್ಟಿ ಮಾಡಿದರು. ಎಲ್ಲವನ್ನೂ ನಾನು ಹೇಳುವುದಿಲ್ಲ, ಎರಡೇ ಸಾಕು. ಒಂದು, ದೊಡ್ಡವರನ್ನು ಮಗು ಮಾಡುವುದು. ಮೂವತ್ತು ವರ್ಷ ಹೆಡ್‌ಮಾಸ್ಟರ್ ಆಗಿದ್ದವರ ಬಾಯಿ ಹತ್ತಿರ ಚಮಚ ಹಿಡಿದು "ಆ ಅನ್ನು ಪುಟ್ಟಾ" ಅನ್ನುವುದು. ಪ್ರೀತಿಯಿಂದಲೇ ಅನ್ನುತ್ತಾರೆ, ಪಾಪ. ಇನ್ನೊಂದು, ಅವರ ವೇಗಕ್ಕಿಂತ ಜೋರಾಗಿ ಓಡುವುದು.

ಎರಡನೆಯದಕ್ಕೆ ಉಪ್ಪಿಟ್ಟು ತರಿಸುತ್ತೇನೆ. ಇಬ್ಬಿಬ್ಬರು ಜೋಡಿ. ಒಬ್ಬರು ಕಣ್ಣು ಮುಚ್ಚಿ ಕೂರಬೇಕು, ಇನ್ನೊಬ್ಬರು ನಿಂತುಕೊಂಡು, ಮಾತಾಡದೆ, ವಾರ್ಡಿನಲ್ಲಿ ತಿನ್ನಿಸುವ ಸ್ಪೀಡಿನಲ್ಲೇ ತಿನ್ನಿಸಬೇಕು. ಮೊದಲ ಚಮಚಕ್ಕೆ ಎಲ್ಲರೂ ನಗುತ್ತಾರೆ. ನಾಲ್ಕನೆಯ ಚಮಚಕ್ಕೆ ಯಾರೋ ಒಬ್ಬರು ತಿನ್ನಿಸುವವರ ಕೈಯನ್ನು ತಳ್ಳಿಯೇ ತಳ್ಳುತ್ತಾರೆ. "ನೋಡಿ, ಅಗ್ರೆಸಿವ್ ಪೇಷಂಟು" ಅಂತ ನಾನು ಬೋರ್ಡಿನ ಮೇಲೆ ಬರೆಯುತ್ತೇನೆ. ಆಮೇಲೆ ಹೆಚ್ಚು ವಿವರಿಸುವ ಅಗತ್ಯ ಬಿದ್ದಿಲ್ಲ.

ಶೆಫೀಲ್ಡ್‌ನ ನರ್ಸಿಂಗ್ ಪ್ರೊಫೆಸರ್ ಆಗಿದ್ದ ಮೈಕ್ ನೋಲನ್ ಮತ್ತು ಅವರ ಜೊತೆಗಾರರ ಕೆಲಸ ನನಗೆ ಇನ್ನೂ ಹತ್ತಿರ. ಹಿರಿಯರೊಬ್ಬರನ್ನೇ ನಡುವೆ ಕೂರಿಸಿ ಆರೈಕೆಯ ಲೆಕ್ಕ ಹಾಕಿದರೆ ಸಾಲದು ಅನ್ನುತ್ತಾರೆ ಅವರು. ಹಿರಿಯರು, ಮನೆಯವರು, ಆರೈಕೆ ಮಾಡುವವರು, ಈ ಮೂವರ ನಡುವಿನ ಸಂಬಂಧ ಚೆನ್ನಾಗಿರಬೇಕು. ಮೂವರಿಗೂ ಆರು ವಿಷಯ ಬೇಕು. ಭಯವಿಲ್ಲದೆ ಇರುವುದು, ಇಲ್ಲಿಗೆ ಸೇರಿದವರು ಅನ್ನಿಸುವುದು, ನಿನ್ನೆಗೂ ಇವತ್ತಿಗೂ ಕೊಂಡಿ ಕಳಚದಿರುವುದು, ಮಾಡಲು ಏನಾದರೂ ಇರುವುದು, ಮಾಡಿದ್ದು ಕೈಗೂಡುವುದು, ನನಗೂ ಬೆಲೆ ಇದೆ ಅನ್ನಿಸುವುದು. ಈ ಆರನ್ನು ಬೋರ್ಡಿನ ಮೇಲೆ ಬರೆದು, "ಇದರಲ್ಲಿ ನಿಮಗೆ ಇಲ್ಲಿ ಯಾವುದು ಸಿಕ್ಕಿದೆ?" ಅಂತ ಹುಡುಗಿಯರನ್ನೇ ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬಳು, "ಸಿಸ್ಟರ್, ನಮ್ಗೆ ನಾಳೆ ಯಾವ ಫ್ಲೋರ್ ಅಂತಾನೇ ಗೊತ್ತಿರಲ್ಲ" ಅಂದಳು.

ಆ ಉತ್ತರವನ್ನು ಹಿಡಿದುಕೊಂಡೇ ನಾನು ಆಡಳಿತದವರ ಹತ್ತಿರ ಹೋದದ್ದು.

ನಮ್ಮಲ್ಲಿ ಆಗ ವಾರಕ್ಕೊಮ್ಮೆ ಫ್ಲೋರ್ ಬದಲಾಗುತ್ತಿತ್ತು. ಯಾರಾದರೂ ರಜೆ ಹಾಕಿದರೆ ದಿನಕ್ಕೊಮ್ಮೆಯೂ. ಅದಕ್ಕೆ ಕಾರಣಗಳೂ ಇದ್ದವು. ಒಬ್ಬರಿಗೇ ಅಂಟಿಕೊಂಡರೆ ಅಟ್ಯಾಚ್‌ಮೆಂಟ್ ಬೆಳೆಯುತ್ತದೆ, ಬಿಟ್ಟು ಹೋದಾಗ ಕಷ್ಟ. ಮನೆಯವರು ಒಬ್ಬಳಿಗೇ ಗುಟ್ಟಾಗಿ ದುಡ್ಡು ಕೊಡುತ್ತಾರೆ. ಎತ್ತಿ ಇಳಿಸಬೇಕಾದ ಭಾರದ ಪೇಷಂಟುಗಳು ಒಬ್ಬರ ಪಾಲಿಗೇ ಬಂದುಬಿಡುತ್ತಾರೆ. ಮೂರನೆಯದು ನ್ಯಾಯವಾದ ಮಾತು. ಸೊಂಟ ಎಲ್ಲರಿಗೂ ಒಂದೇ ಅಲ್ವಾ? ಎರಡನೆಯದಕ್ಕೆ ಬೇರೆ ದಾರಿ ಇದೆ, ಕೊಡುವುದಿದ್ದರೆ ಎಲ್ಲರ ಹೆಸರಿನಲ್ಲಿ ಆಫೀಸಿನಲ್ಲಿ ಕೊಡಲಿ. ಮೊದಲನೆಯದನ್ನು ಮಾತ್ರ ನಾನು ಒಪ್ಪಲಿಲ್ಲ. ಅಟ್ಯಾಚ್‌ಮೆಂಟ್ ಬೇಡ ಅಂದರೆ ಈ ಟ್ರೈನಿಂಗೇ ಬೇಡ.

ಕೊನೆಗೆ ಆದ ಏರ್ಪಾಡು ಇದು. ಕೆಲವೇ ಹಿರಿಯರ ಒಂದು ಗುಂಪು, ಅದಕ್ಕೆ ಹಗಲಿಗೆ ಇಬ್ಬರು ಕಾಯಂ, ರಾತ್ರಿಗೆ ಒಬ್ಬರು ಕಾಯಂ. ಇಬ್ಬರಲ್ಲಿ ಒಬ್ಬರು ರಜೆ ಹೋದರೆ ಇನ್ನೊಬ್ಬರು ಇರಲೇಬೇಕು. ಭಾರದವರನ್ನು ಎಲ್ಲ ಗುಂಪಿಗೂ ಹಂಚಿದೆವು. ಮೊದಲು ಕೆಳಗಿನ ಫ್ಲೋರಿಗೆ ಮಾತ್ರ, ಆಮೇಲೆ ಮೇಲಕ್ಕೂ ಬಂತು. ಹ್ಯಾಂಡ್‌ಓವರ್ ಬುಕ್ಕಿನಲ್ಲಿ ಬಿಪಿ, ಶುಗರ್, ಮೋಷನ್ ಕಾಲಂ ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆದೆವು, 'ಇವತ್ತು ಏನು ಹೊಸದು' ಅಂತ. ಕನ್ನಡದಲ್ಲಿ ಬರೆಯಬಹುದು, ಹಿಂದಿಯಲ್ಲಿ ಬರೆಯಬಹುದು, ಕಾಗುಣಿತ ತಪ್ಪಿದ್ದರೂ ಪರವಾಗಿಲ್ಲ.

ಆ ಕಾಲಂನಿಂದ ಬಂದ ಒಂದು ವಿಷಯ ಹೇಳುತ್ತೇನೆ. ನಾಗಮಂಗಲ ಕಡೆಯ ಒಬ್ಬ ಯಜಮಾನರು ರಾತ್ರಿ ಒಂದೂವರೆ, ಎರಡು ಗಂಟೆಗೆ ಎದ್ದು ಓಡಾಡುತ್ತಿದ್ದರು. ಬಾಗಿಲು ತಟ್ಟುವುದು, ಸ್ವಿಚ್ ಬೋರ್ಡು ತಡಕುವುದು, "ಬಂತೇನ್ಲಾ? ಬಂತೇನ್ಲಾ?" ಅನ್ನುವುದು. ಯಾರಾದರೂ ಬಂದರಾ ಅಂತ ಕೇಳುತ್ತಿದ್ದಾರೆ ಅಂತ ಎಲ್ಲರ ಲೆಕ್ಕ. "ಮಗ ಭಾನುವಾರ ಬರ್ತಾರೆ, ಮಲ್ಕೊಳ್ಳಿ" ಅಂದರೆ ಇನ್ನೂ ಸಿಟ್ಟು. ನಿದ್ದೆ ಮಾತ್ರೆ ಬರೆಸೋಣ ಅನ್ನುವ ಮಾತು ಬಂತು. ಯಲಬುರ್ಗಾ ಕಡೆಯ ಹುಡುಗ ರಾತ್ರಿಗೆ ಕಾಯಂ ಆದ. ಅವನಿಗೆ ಬೇಗ ಹೊಳೆಯಿತು. ಅವನ ಅಪ್ಪನೂ ಬೋರ್‌ವೆಲ್ ರೈತ. ಹಳ್ಳಿಗಳಲ್ಲಿ ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ಹಗಲಲ್ಲಿ ಬಂದರೆ ಅದೃಷ್ಟ, ಎಷ್ಟೋ ಸಲ ನಡುರಾತ್ರಿಯೇ. ಎದ್ದು ಹೋಗಿ ಮೋಟರ್ ಹಾಕದಿದ್ದರೆ ಬೆಳೆ ಒಣಗುತ್ತದೆ. ಈ ಯಜಮಾನರು ಮಗನನ್ನು ಕೇಳುತ್ತಿರಲಿಲ್ಲ, ಕರೆಂಟನ್ನು ಕೇಳುತ್ತಿದ್ದರು.

ಅವನು ಟಾರ್ಚು ಹಿಡಿದು ಅವರ ಜೊತೆ ಸ್ವಿಚ್ ಬೋರ್ಡಿನ ತನಕ ಹೋಗಿ, ಬೆಳಕು ಬಿಟ್ಟು ನೋಡಿ, "ಸಿಂಗಲ್ ಫೇಸ್ ಅಷ್ಟ ಐತ್ರಿ ಯಜಮಾನ್ರ. ತ್ರೀ ಫೇಸ್ ಬಂದ ಕೂಡ್ಲೇ ಎಬ್ಬಸ್ತೀನಿ, ಮಕ್ಕೋರಿ" ಅಂದ. ಮಂಡ್ಯದ ಯಜಮಾನರಿಗೆ ಉತ್ತರ ಕರ್ನಾಟಕದ ಮಾತು ಪೂರ್ತಿ ಹಿಡಿಸಿತೋ ಇಲ್ಲವೋ, ವಿಷಯ ಹಿಡಿಸಿತು. "ಮರೀಬ್ಯಾಡ ಕಣ್ಲಾ" ಅಂತ ಹೇಳಿ ಹೋಗಿ ಮಲಗಿದರು. ಎಲ್ಲ ರಾತ್ರಿಯೂ ಹೀಗೆ ಆಯಿತು ಅಂದರೆ ಸುಳ್ಳು. ಕೆಲವು ರಾತ್ರಿ ಇಬ್ಬರೂ ಕಾರಿಡಾರಿನಲ್ಲಿ ಕುರ್ಚಿ ಹಾಕಿಕೊಂಡು ಕರೆಂಟಿಗೆ ಕಾಯ್ದದ್ದೂ ಇದೆ. ಮಾತ್ರೆಯಂತೂ ಬೇಕಾಗಲಿಲ್ಲ.

ಇಲ್ಲಿ ಪ್ರತಿ ಬ್ಯಾಚಿನಲ್ಲೂ ಒಬ್ಬರು ಕೇಳುತ್ತಾರೆ, "ಇದು ಸುಳ್ಳು ಹೇಳಿದಂಗಲ್ವಾ ಸಿಸ್ಟರ್?" ಅಂತ. ಒಳ್ಳೆಯ ಪ್ರಶ್ನೆ. ಆ ಹುಡುಗ ಹೇಳಿದ್ದರಲ್ಲಿ ನನಗೆ ಸುಳ್ಳಿಗಿಂತ ಜೊತೆ ಕೊಟ್ಟದ್ದು ಜಾಸ್ತಿ ಕಾಣುತ್ತದೆ. ಆದರೆ ತೀರಿಹೋದ ಗಂಡ ಸಂಜೆ ಬರುತ್ತಾರೆ ಅಂತ ದಿನಾ ಕಥೆ ಕಟ್ಟುವುದು ನನಗೆ ಇಷ್ಟವಿಲ್ಲ. ಕೆಲಸ ಸುಲಭ ಆಗಲಿ ಅಂತ ಹೇಳುವ ಸುಳ್ಳು ಅದು. "ಅವರು ನೆನಪಾದ್ರಾ? ಏನು ಕೆಲ್ಸ ಮಾಡ್ತಿದ್ರು?" ಅಂತ ಕೇಳಿದರೆ ಎಷ್ಟೋ ಸಲ ಮಾತು ತಾನೇ ಬೇರೆ ದಾರಿ ಹಿಡಿಯುತ್ತದೆ.

ಹೊಸಬರ ಇನ್ನೊಂದು ಮಾತು, "ಬೈದ್ರೂ ಐದು ನಿಮಿಷಕ್ಕೆ ಮರ್ತೋಗ್ತಾರೆ ಬಿಡಿ." ಇದಕ್ಕೆ ನನ್ನ ಹತ್ತಿರ ಉತ್ತರ ಸಿದ್ಧವಿದೆ. ಅಮೆರಿಕದ ಐಯೋವಾ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಪ್ರಯೋಗ. ಡಿಮೆನ್ಶಿಯಾದಲ್ಲೇ ಒಂದು ಬಗೆಯಾದ ಆಲ್ಝೈಮರ್ಸ್ ಇರುವವರಿಗೆ ಸಿನಿಮಾ ತುಣುಕುಗಳನ್ನು ತೋರಿಸಿದರು, ದುಃಖದ್ದು ಮತ್ತು ಸಂತೋಷದ್ದು. ಏನು ನೋಡಿದೆವು ಅನ್ನುವುದು ಅವರಿಗೆ ಬೇಗ ಮರೆತುಹೋಯಿತು. ಅದರಿಂದ ಹುಟ್ಟಿದ ದುಃಖ, ಸಂತೋಷ ಮಾತ್ರ ಉಳಿದಿತ್ತು. ಅಂದರೆ ಬೆಳಿಗ್ಗೆ ನೀನು ಬೈದದ್ದು ಅಜ್ಜಿಗೆ ಮರೆತಿದೆ, ಬೈಸಿಕೊಂಡ ನೋವು ಮರೆತಿಲ್ಲ. ಮಧ್ಯಾಹ್ನ ಊಟದ ತಟ್ಟೆ ಎಸೆದಾಗ ಕಾರಣ ಯಾರಿಗೂ ಗೊತ್ತಾಗುವುದಿಲ್ಲ, ಅಜ್ಜಿಗೂ.

ಕಾಯಂ ಜೋಡಿಯಿಂದ ವೈದ್ಯಕೀಯ ಲಾಭವೂ ಇದೆ, ಆಡಳಿತದವರಿಗೆ ಇದನ್ನೇ ಒತ್ತಿ ಹೇಳಿದ್ದು. ಒಬ್ಬ ಅಮ್ಮ ಕಾಫಿ ಲೋಟ ಕೊಟ್ಟ ಕೂಡಲೇ ಅದರ ಅಂಚನ್ನು ಸೆರಗಿನಿಂದ ಒರೆಸುತ್ತಾರೆ. ನಾವು ಎಷ್ಟೇ ತೊಳೆದಿರಲಿ, ಅವರು ಒರೆಸಬೇಕು. ಒಂದು ಬೆಳಿಗ್ಗೆ ಅವರ ಹುಡುಗಿ ಬಂದು, "ಸಿಸ್ಟರ್, ಅಮ್ಮ ಇವತ್ತು ಲೋಟ ಒರೆಸ್ಲಿಲ್ಲ" ಅಂದಳು. ಜ್ವರ ಇಲ್ಲ, ಬಿಪಿ ಸರಿ ಇದೆ. ಆದರೂ ಡಾಕ್ಟರಿಗೆ ಫೋನ್ ಮಾಡಿದೆವು. ಸಂಜೆ ಹೊತ್ತಿಗೆ ಆ ಅಮ್ಮ ಹಾಸಿಗೆ ಬಟ್ಟೆ ಕಿತ್ತು ಹಾಕುತ್ತಿದ್ದರು, ಗೋಡೆ ಮೇಲೆ ಹುಳ ಇದೆ ಅನ್ನುತ್ತಿದ್ದರು. ಅಷ್ಟರಲ್ಲಿ ಮೂತ್ರ ಪರೀಕ್ಷೆಯ ರಿಪೋರ್ಟೂ ಬಂತು, ಸೋಂಕು. ಡಿಮೆನ್ಶಿಯಾ ಇರುವವರು ಇದ್ದಕ್ಕಿದ್ದ ಹಾಗೆ ಬದಲಾದರೆ ಮೊದಲು ನೋಡಬೇಕಾದ್ದು ಇಂಥವನ್ನೇ: ಮೂತ್ರದ ಸೋಂಕು, ಮಲಬದ್ಧತೆ, ನೀರು ಕಡಿಮೆಯಾದದ್ದು, ಎಲ್ಲೋ ನೋವು, ಹೊಸ ಮಾತ್ರೆ. ಕಾಯಿಲೆ ಜಾಸ್ತಿಯಾಯಿತು ಅಂತ ತೀರ್ಮಾನಿಸಿ ಮಂಪರು ಬರಿಸುವ ಔಷಧಿ ಕೊಡಿಸುವುದು ಸುಲಭ. ಆದರೆ ಡಿಮೆನ್ಶಿಯಾ ಇರುವ ಹಿರಿಯರಿಗೆ ಹೀಗೆ ಕೊಡಿಸುವ ಆಂಟಿಸೈಕಾಟಿಕ್, ಅಂದರೆ ಮನೋರೋಗದ, ಔಷಧಿಗಳಿಂದ ಸಾವಿನ ಅಪಾಯ ಹೆಚ್ಚುತ್ತದೆ ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಲ್ಲೇ ಎಚ್ಚರಿಕೆ ಕೊಟ್ಟಿದೆ. ಡಾಕ್ಟರು ಯೋಚಿಸಿ ಬರೆಯುವುದು ಬೇರೆ, ನಾವು ಕೇಳಿ ಬರೆಸುವುದು ಬೇರೆ. ಫ್ಲೋರ್ ಬದಲಾಗುತ್ತಿದ್ದ ಕಾಲದಲ್ಲಾದರೆ ಲೋಟ ಒರೆಸದೆ ಇದ್ದದ್ದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಈಗ ಯಾರೂ ಟ್ರೈನಿಂಗಿನಲ್ಲಿ ಹೇಳದ ವಿಷಯಕ್ಕೆ ಬರುತ್ತೇನೆ. ಸಂಬಂಧ ಅಂದರೆ ಬರೀ ಸಿಹಿ ಅಲ್ಲ. ನಮ್ಮಲ್ಲಿ "ನೀನು ಯಾವ ಜನ?" ಅಂತ ಕೇಳುವ ಹಿರಿಯರಿದ್ದಾರೆ. ಉತ್ತರ ಗೊತ್ತಾದ ಮೇಲೆ "ಇವಳು ಕೊಟ್ಟ ನೀರು ಬೇಡ" ಅನ್ನುವವರಿದ್ದಾರೆ. ಮೊದಲು ಮನಸ್ಸಿನಲ್ಲಿಟ್ಟುಕೊಂಡು ಮರ್ಯಾದೆಗೆ ಸುಮ್ಮನಿದ್ದವರು, ಕಾಯಿಲೆಯಿಂದ ಆ ಹಿಡಿತ ತಪ್ಪಿದ ಮೇಲೆ ಹೆಸರು ಹಿಡಿದೇ ಅಂದುಬಿಡುತ್ತಾರೆ. "ಕಾಯಿಲೆಯವರು, ಮನಸ್ಸಿಗೆ ಹಚ್ಕೋಬೇಡ" ಅಂತ ಹುಡುಗಿಗೆ ಹೇಳುವುದೇ ಎಲ್ಲ ಕಡೆ ನಡೆದುಬಂದ ಪಾಠ. ಅವಳು ಹಚ್ಚಿಕೊಳ್ಳುತ್ತಾಳೆ. ಏಕೆಂದರೆ ಆ ಮಾತನ್ನು ಅವಳು ಮೊದಲ ಸಲ ಕೇಳುತ್ತಿರುವುದು ಇಲ್ಲಲ್ಲ.

ನನ್ನ ಕ್ಲಾಸಿನಲ್ಲಿ ಇದಕ್ಕೆ ಒಂದು ಮಧ್ಯಾಹ್ನ ಇಟ್ಟಿದ್ದೇನೆ. ಹಿರಿಯರ ಜೊತೆ ವಾದಕ್ಕೆ ಇಳಿಯುವುದು ಬೇಡ, ಉಪಯೋಗವಿಲ್ಲ. ಆದರೆ ಹುಡುಗಿ ಆ ಕ್ಷಣ ರೂಮಿನಿಂದ ಹೊರಗೆ ಬರಬಹುದು, ಇನ್‌ಚಾರ್ಜ್ ಒಳಗೆ ಹೋಗಬೇಕು. ಅವಳು ಹೊರಗೆ ಬಂದದ್ದು ತಪ್ಪು ಅಂತ ಎಲ್ಲೂ ಬರೆಯಬಾರದು. ಮತ್ತೆ ಆ ಗುಂಪಿಗೆ ಹೋಗಬೇಕೋ ಬೇಡವೋ ಅವಳೇ ಹೇಳಬೇಕು. ಒಂದು ಸಲ ಮನೆಯವರೇ ಫೋನ್ ಮಾಡಿ "ಅಮ್ಮನಿಗೆ ಬೇರೆಯವರನ್ನು ಹಾಕಿ, ಅವರಿಗೆ ಮಡಿ ಜಾಸ್ತಿ" ಅಂದರು. ಅಮ್ಮನಿಗೆ ಡಿಮೆನ್ಶಿಯಾ ಇದೆ, ನಿಮಗೇನಾಗಿದೆ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ, ಕೆಲಸ ಬೇಕಲ್ಲ. ಜಾತಿ ನೋಡಿ ಡ್ಯೂಟಿ ಹಾಕುವ ಪದ್ಧತಿ ಇಲ್ಲಿಲ್ಲ ಅಂತ ಮಾತ್ರ ಹೇಳಿದೆ. ಆ ಹುಡುಗಿ ಇವತ್ತಿಗೂ ಅದೇ ಗುಂಪಿನಲ್ಲಿದ್ದಾಳೆ, ಅವಳ ಇಷ್ಟದಿಂದಲೇ.

ಮನೆಯವರ ವಿಷಯ ಬಂತಲ್ಲ. ಅಡ್ಮಿಷನ್ ಫಾರಂನಲ್ಲಿ 'ಹವ್ಯಾಸಗಳು' ಅಂತ ಒಂದು ಸಾಲು ಇರುತ್ತದೆ. ಎಲ್ಲರೂ ಬರೆಯುವುದು ಒಂದೇ: ಟಿವಿ ನೋಡುವುದು, ದೇವರ ಹಾಡು. ಇದನ್ನು ಇಟ್ಟುಕೊಂಡು ಏನು ಮಾಡಲಿ? ಈಗ ನಾವು ಬೇರೆ ಪ್ರಶ್ನೆ ಕೇಳುತ್ತೇವೆ. ತಿಂಡಿ ಮೊದಲೋ ಸ್ನಾನ ಮೊದಲೋ? ಕಾಫಿ ಲೋಟದಲ್ಲೋ ಕಪ್ಪಿನಲ್ಲೋ? ಮನೆಯಲ್ಲಿ ಅವರನ್ನು ಯಾರು ಏನಂತ ಕರೆಯುತ್ತಿದ್ದರು? ಮಲಗುವಾಗ ತಲೆ ಯಾವ ದಿಕ್ಕಿಗೆ? ಸಿಟ್ಟು ಬಂದರೆ ಕೂಗುತ್ತಿದ್ದರೋ ಮಾತು ಬಿಡುತ್ತಿದ್ದರೋ? ದುಡ್ಡು ಎಲ್ಲಿಡುತ್ತಿದ್ದರು? ಯಾರ ಹೆಸರು ಎತ್ತಬಾರದು? ಕೊನೆಯ ಪ್ರಶ್ನೆಗೆ ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಆಮೇಲೆ ಒಬ್ಬರು ನಿಧಾನಕ್ಕೆ ಹೇಳುತ್ತಾರೆ. ನಮಗೆ ಬೇಕಾದ್ದು ಅದೇ.

ಇವನ್ನು ಉತ್ತರಿಸುವಾಗ ಮನೆಯವರೂ ಸ್ವಲ್ಪ ಹಗುರಾಗುತ್ತಾರೆ. ಅಪ್ಪ-ಅಮ್ಮನನ್ನು ಆಶ್ರಮಕ್ಕೆ ತಂದು ಹಾಕಿದರು ಅಂತ ನೆಂಟರು ಆಡಿದ ಮಾತು ಹೊತ್ತುಕೊಂಡೇ ಬಂದಿರುತ್ತಾರೆ. ತಪ್ಪಿತಸ್ಥ ಭಾವದಲ್ಲಿರುವವರು ನಮ್ಮ ಹುಡುಗಿಯರ ಮೇಲೆ ರೇಗುವುದು ಜಾಸ್ತಿ, ಇದನ್ನೂ ಕ್ಲಾಸಿನಲ್ಲಿ ಹೇಳುತ್ತೇನೆ. ಉಗುರು ಕತ್ತರಿಸಿಲ್ಲ ಅಂತ ಶುರುವಾದ ಜಗಳದ ಹಿಂದೆ ಉಗುರು ಇರುವುದಿಲ್ಲ.

ಸರಿಯಾಗದೇ ಉಳಿದದ್ದೂ ಇದೆ. ಸಂಬಳ ಕಡಿಮೆ. ಯುಗಾದಿಗೆ ಊರಿಗೆ ಹೋದವರಲ್ಲಿ ಕೆಲವರು ವಾಪಸ್ ಬರುವುದಿಲ್ಲ. ಕಾಯಂ ಜೋಡಿ ಅಂತ ಕಟ್ಟಿದ್ದು ಬಾಡಿಗೆ ಮನೆಯ ಹಾಗೆ, ಯಾವಾಗ ಖಾಲಿಯಾಗುತ್ತದೋ ಹೇಳಲಾಗದು. ಸಾವಿರ ರೂಪಾಯಿ ಜಾಸ್ತಿ ಕೊಡುವ ಕಡೆ ಹೋಗಬೇಡ ಅಂತ ನಾನು ಯಾವ ಬಾಯಲ್ಲಿ ಹೇಳಲಿ? ಹೋಗುವ ಮುಂಚೆ ಒಂದು ವಾರ ಹೊಸಬರ ಜೊತೆ ಸೇರಿ ಡ್ಯೂಟಿ ಮಾಡು, ಗೊತ್ತಿರುವುದನ್ನೆಲ್ಲ ಹೇಳಿಕೊಟ್ಟು ಹೋಗು ಅಂತ ಕೇಳಿಕೊಳ್ಳುತ್ತೇನೆ. ಬಹಳ ಜನ ಮಾಡುತ್ತಾರೆ.

ಇನ್ನು ಸಾವು. ಮೊದಲೆಲ್ಲ ಒಬ್ಬರು ತೀರಿಕೊಂಡರೆ ಮಧ್ಯಾಹ್ನದ ಹೊತ್ತಿಗೆ ಹಾಸಿಗೆ ಬದಲಾಗಿ ಸಂಜೆ ಹೊಸ ಅಡ್ಮಿಷನ್. ನೋಡಿಕೊಂಡ ಹುಡುಗಿ ರಜೆಯಲ್ಲಿದ್ದರೆ ಬಂದ ಮೇಲೆ ಖಾಲಿ ಕಪಾಟು ನೋಡಿಯೇ ತಿಳಿಯಬೇಕು. ಈಗ ಫೋನ್ ಮಾಡಿ ಹೇಳುತ್ತೇವೆ. ಮನೆಯವರು ಒಪ್ಪಿದರೆ ಅವಳನ್ನು ಅಂತ್ಯಕ್ರಿಯೆಗೆ ಕಳಿಸುತ್ತೇವೆ, ಆ ದಿನ ಡ್ಯೂಟಿ ಅಂತಲೇ ಲೆಕ್ಕ. ಎಷ್ಟೋ ಮನೆಯವರು ಹನ್ನೊಂದನೆಯ ದಿನಕ್ಕೂ ಕರೆದಿದ್ದಾರೆ.

ನಿಮ್ಮ ಮನೆಯ ಹಿರಿಯರಿಗೆ ಇಂಥ ಜಾಗ ಹುಡುಕುತ್ತಿದ್ದರೆ ಒಂದು ಮಾತು. ನೋಡಲು ಬರುವವರು ಕೇಳುವುದು ಎಸಿ ಇದೆಯಾ, ಸಿಸಿಟಿವಿ ಇದೆಯಾ, ಸಸ್ಯಾಹಾರವಾ, ಸ್ಟಾಫ್ ಟ್ರೈನ್ಡಾ. ಕೊನೆಯದಕ್ಕೆ ಎಲ್ಲರೂ ಹೌದು ಅನ್ನುತ್ತಾರೆ, ಗೋಡೆಯ ಮೇಲೆ ಸರ್ಟಿಫಿಕೇಟೂ ಇರುತ್ತದೆ. ಅದರ ಬದಲು ಹೋದ ತಿಂಗಳ ಡ್ಯೂಟಿ ಚಾರ್ಟ್ ತೋರಿಸಿ ಅಂತ ಕೇಳಿ. ಒಂದು ರೂಮಿನ ಸಾಲು ಹಿಡಿದು ಬೆರಳಿಟ್ಟುಕೊಂಡು ಹೋಗಿ, ಅದರ ಮುಂದೆ ಎಷ್ಟು ಹೆಸರು ಬದಲಾಗಿವೆ ಅಂತ ಎಣಿಸಿ. ಆಮೇಲೆ ಅಡ್ವಾನ್ಸ್ ಮಾತಾಡಿ.